ಹತ್ತು ಹುರಿದ ಬೀಜ

ನಮ್ಮತ್ತೆ ಯಾರ ಮಾತನ್ನೂ ನಂಬುವುದಿಲ್ಲ ಎಂದು ನೆಂಟರಲ್ಲೆಲ್ಲ ಒಂದು ಅಪವಾದವಿದೆ. ಇದು ಶುದ್ಧ ಸುಳ್ಳು. ಅವಳು ನಂಬುತ್ತಾಳೆ. ಯಾರಾದರೂ ‘ಇಲ್ಲ’, ‘ಗೊತ್ತಿಲ್ಲ’, ‘ಚೆನ್ನಾಗಿಲ್ಲ’ ಎಂದರೆ ಕಣ್ಣು ಮುಚ್ಚಿಕೊಂಡು ನಂಬುತ್ತಾಳೆ. ‘ಹೌದು’, ‘ಆಯ್ತು’, ‘ತುಂಬಾ ಚೆನ್ನಾಗಿದೆ’ ಎನ್ನುವವರ ಮೇಲೆ ಮಾತ್ರ ಅವಳಿಗೆ ಅನುಮಾನ. ಪ್ರಪಂಚದಲ್ಲಿ ಈ ಎರಡನೆಯ ಜಾತಿಯವರೇ ಹೆಚ್ಚಾಗಿದ್ದರೆ ಅದು ಅವಳ ತಪ್ಪೇ?

ಮೊದಲು ಪರಿಚಯ ಮಾಡಿಕೊಡುತ್ತೇನೆ. ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ವಯಸ್ಸು ಅರವತ್ಮೂರು. ಹಿರಿಯೂರಿನ ಪಕ್ಕದ ಬಬ್ಬೂರಿನಲ್ಲಿ ಮನೆ. ಬೀಜ ಪರೀಕ್ಷೆ ಮಾಡುವ ಒಂದು ಕೋಣೆಯಲ್ಲಿ ಮೂವತ್ತೇಳು ವರ್ಷ ಕೆಲಸ ಮಾಡಿ ನಿವೃತ್ತಳಾಗಿದ್ದಾಳೆ. ಕೆಲಸ ಇಷ್ಟೇ: ಚೀಲದಿಂದ ನೂರು ಬೀಜ ತೆಗೆಯುವುದು, ಒದ್ದೆ ಬಟ್ಟೆಯಲ್ಲಿ ಸುರುಳಿ ಸುತ್ತಿಡುವುದು, ಕೆಲವು ದಿನ ಬಿಟ್ಟು ಬಿಚ್ಚಿ ಎಷ್ಟು ಮೊಳೆತಿವೆ ಎಂದು ಎಣಿಸುವುದು, ಚೀಟಿ ಬರೆಯುವುದು. ಎಲ್ಲರೂ ಹೀಗೇ ಮಾಡುತ್ತಿದ್ದರು. ಅತ್ತೆ ಮಾತ್ರ ಪ್ರತಿ ಸುರುಳಿಯ ತುದಿಯಲ್ಲಿ ಹತ್ತು ಹುರಿದ ಬೀಜ ಸೇರಿಸುತ್ತಿದ್ದಳು. ಬಾಣಲೆಯಲ್ಲಿ ಚೆನ್ನಾಗಿ ಹುರಿದದ್ದು. ಬ್ರಹ್ಮನೇ ಬಂದು ನೀರು ಹಾಕಿದರೂ ಮೊಳೆಯುವಂಥದ್ದಲ್ಲ. ಸುರುಳಿ ಬಿಚ್ಚಿದಾಗ ಆ ಹತ್ತೂ ಸತ್ತೇ ಇರಬೇಕು. ಇಲ್ಲದಿದ್ದರೆ?

“ಪರೀಕ್ಷೆನೇ ಸುಳ್ಳು ಹೇಳ್ತೈತೆ ಅಂತ ಅರ್ಥ,” ಎನ್ನುತ್ತಾಳೆ ಅತ್ತೆ.

ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಈಗಲೂ ಸುತ್ತಮುತ್ತಲಿನವರು ಬಿತ್ತನೆಗೆ ಮುಂಚೆ ಒಂದು ಹಿಡಿ ಬೀಜ ತಂದು ಅವಳ ಕೈಗೆ ಕೊಡುತ್ತಾರೆ. ಹಾಗಾಗಿ ಹುರಿದ ಶೇಂಗಾದ ಒಂದು ತಗಡಿನ ಡಬ್ಬಿ ಅವಳ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಯಾವಾಗಲೂ ಇರುತ್ತದೆ. ಏಳನೇ ವಯಸ್ಸಿನಲ್ಲಿ ಅದರಿಂದ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡದ್ದಕ್ಕೆ ನನ್ನ ಕೈಮೇಲೆ ಒಂದು ಏಟು ಬಿದ್ದಿತ್ತು. “ಅದು ತಿನ್ನಾದಲ್ಲ ಕಣೇ!”

ಬೀಜಕ್ಕಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಅತ್ತೆ ಮನುಷ್ಯರಿಗೂ ಹುರಿದ ಬೀಜ ಹಾಕುತ್ತಾಳೆ.

ಅವಳನ್ನು ನೋಡಲು ಬಂದ ಗಂಡುಗಳ ಕಥೆಯನ್ನೇ ಕೇಳಿ. ಅವಳಿಗೆ ಹಾಡಲು ಬರುವುದಿಲ್ಲ. ಬರುವುದಿಲ್ಲ ಎಂದರೆ ಸಾಧಾರಣವಾಗಿ ಬರುವುದಿಲ್ಲ ಎಂದಲ್ಲ, ಕೊಟ್ಟಿಗೆಯ ಎಮ್ಮೆ ಹಗ್ಗ ಕಿತ್ತುಕೊಂಡು ಹೋಗುವಷ್ಟು ಬರುವುದಿಲ್ಲ. ಗಂಡಿನವರು ಬಂದು ಉಪ್ಪಿಟ್ಟು ತಿಂದು ಕುಳಿತ ಮೇಲೆ ಅವಳೇ ಮುಂದಾಗಿ ಒಂದು ದೇವರನಾಮ ಶುರು ಮಾಡುತ್ತಿದ್ದಳಂತೆ. ಮುಗಿಸಿ, “ಹೆಂಗಿತ್ರಿ?” ಎಂದು ಗಂಡನ್ನೇ ಕೇಳುತ್ತಿದ್ದಳಂತೆ. ಮೊದಲನೆಯವರು “ಬಹಳ ಚೆನ್ನಾಗಿತ್ತು” ಎಂದರು. ಅತ್ತೆ ಬೇಡ ಎಂದಳು. ಎರಡನೆಯವರು “ಗಂಟಲು ಜೇನು” ಎಂದರು. ಬೇಡ. ಮೂರನೆಯವರು ಕಣ್ಣೊರೆಸಿಕೊಂಡರು. ಬೇಡವೇ ಬೇಡ! ನಾಲ್ಕನೆಯವರು ಎರಡನೇ ಸಾಲಿಗೇ ಕೈಯೆತ್ತಿ, “ಸಾಕು ನಿಲ್ಸ್ರಿ ತಾಯಿ” ಎಂದರು. ಅವರೇ ನಮ್ಮ ಮಾವ. ಮಾರಿಕಣಿವೆಯಲ್ಲಿ ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸದಲ್ಲಿದ್ದವರು. ಮಾತನ್ನೂ ಹಾಗೆಯೇ ಅಳತೆ ನೋಡಿ ಬಿಡುತ್ತಾರೆ.

ಹೊಳಲ್ಕೆರೆಗೆ ಒಂದು ಮದುವೆಗೆ ಹೋಗಿದ್ದೆವು. ಕಲ್ಯಾಣ ಮಂಟಪ ಎಲ್ಲಿದೆ ಗೊತ್ತಿಲ್ಲ. ನಿಮ್ಮಂಥವರು ಏನು ಮಾಡುತ್ತೀರಿ? ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ, ಮಂಟಪ ಎಲ್ಲಿ ಎಂದು ಕೇಳುತ್ತೀರಿ. ಅತ್ತೆ ಕೇಳಿದ್ದು, “ಏನಪ್ಪ, ಇಲ್ಲಿ ಗಜಗೌರಿ ಟಾಕೀಸ್ ಎಲ್ಲೈತೆ?” ಎಂದು. ಅಂಥ ಟಾಕೀಸು ಹೊಳಲ್ಕೆರೆಯಲ್ಲಿಲ್ಲ. ಎಲ್ಲಿಯೂ ಇಲ್ಲ. ಬಸ್ಸಿನಲ್ಲಿ ಬರುವಾಗ ಅವಳೇ ಹುಟ್ಟಿಸಿದ ಹೆಸರು. ನನ್ನ ಡೈರಿಯ ಪ್ರಕಾರ ಐದು ಜನರನ್ನು ಕೇಳಿದಳು. ನಾಲ್ಕು ಜನ ತಡವರಿಸದೆ ದಾರಿ ತೋರಿಸಿದರು: ಇಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ, ಒಬ್ಬರು “ಹಿಂದಕ್ಕೆ ಬಿಟ್ಬಂದ್ರಲ್ಲಮ್ಮ!” ಐದನೆಯವಳು ಹೂ ಮಾರುವ ಹೆಂಗಸು. “ಅಂಥದ್ದು ನಾನು ಕೇಳೇ ಇಲ್ಲ ಕಣಕ್ಕ,” ಎಂದಳು. ಅತ್ತೆ ಅವಳ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತು, “ಹಂಗಾದ್ರೆ ಮಂಟಪಕ್ಕೆ ದಾರಿ ನೀನೇ ಹೇಳು ತಾಯಿ,” ಎಂದಳು. ನಾವು ತಲುಪುವಷ್ಟರಲ್ಲಿ ತಾಳಿ ಕಟ್ಟಿ, ಎರಡನೇ ಪಂಕ್ತಿ ಎದ್ದಿತ್ತು.

“ತಡ ಆಯ್ತಲ್ಲ ಅತ್ತೆ!”

“ತಡ ಆಯ್ತು. ಆದ್ರೆ ನಮ್ಮೋರ ಮದ್ವೆಗೇ ಬಂದ್ವಾ ಇಲ್ವಾ?”

ಇನ್ನು ಜಾತಕದ ಪ್ರಸಂಗ. ನನಗೆ ಗಂಡು ನೋಡಬೇಕೆಂದು ಅಮ್ಮ ಹೊಸದುರ್ಗದಲ್ಲಿ ಒಬ್ಬ ಜೋಯಿಸರನ್ನು ಹಿಡಿದಿದ್ದಳು. ಅತ್ತೆಯೂ ಜೊತೆಗೆ ಹೋದಳು. ಮೊದಲು ನನ್ನ ಜಾತಕ ಕೊಡದೆ, ನಮ್ಮಪ್ಪನ ಜಾತಕ ಕೊಟ್ಟು, “ಈ ಹುಡುಗಂಗೆ ಮದ್ವೆ ಯಾವಾಗ ನೋಡ್ರಿ,” ಎಂದಳು. ಅವರು ಬೆರಳು ಮಡಚಿ ಬಿಡಿಸಿ, ಬರುವ ಶ್ರಾವಣ ಕಳೆಯುವುದರೊಳಗೆ ಖಂಡಿತ ಎಂದರು. ಅತ್ತೆ ಮುಸಿಮುಸಿ ನಗುತ್ತಾ ಎದ್ದು ಬಂದಳು. ಅಮ್ಮ ನಗಲಿಲ್ಲ. ಆ ವರ್ಷ ಶ್ರಾವಣ ಮುಗಿಯುವವರೆಗೂ ಅಪ್ಪ ಎಲ್ಲಿಗೆ ಹೊರಟರೂ, “ಎಲ್ಲಿಗೆ? ಯಾರ ಮನೆಗೆ? ಎಷ್ಟೊತ್ತಿಗೆ ಬರ್ತೀರಿ?”

ಕೊನೆಯದು ಉಪ್ಪು. ಪ್ರತಿ ತಿಂಗಳ ಒಂದನೇ ತಾರೀಕು ಅತ್ತೆ ಸಾರಿಗೆ ಉಪ್ಪು ಹಾಕುವುದಿಲ್ಲ. ಬಡಿಸಿ, “ಹೆಂಗೈತೆ?” ಎಂದು ಕೇಳುತ್ತಾಳೆ. ಮಾವ ತಲೆಯೆತ್ತದೆ “ಉಪ್ಪು” ಎನ್ನುತ್ತಾರೆ. ಅಷ್ಟೇ. ಉಪ್ಪಿನ ಬಟ್ಟಲು ಬರುತ್ತದೆ. ನಾನು ಚಿತ್ರದುರ್ಗದಲ್ಲಿ ಕೆಲಸಕ್ಕೆ ಸೇರಿ, ಅತ್ತೆಯ ಮನೆಯಿಂದಲೇ ದಿನಾ ಬಸ್ಸಿನಲ್ಲಿ ಹೋಗಿ ಬರುವುದೆಂದು ಗೊತ್ತಾದದ್ದು ನವೆಂಬರಿನಲ್ಲಿ. ಡಿಸೆಂಬರ್ ಒಂದರಿಂದ ಮೇ ಒಂದರವರೆಗೆ ಆರು ಸಲ ಉಪ್ಪಿಲ್ಲದ ಸಾರು ಉಂಡೆ. “ಚೆನ್ನಾಗಿದೆ ಅತ್ತೆ” ಎಂದು ಹೇಳಿದ್ದು: ಆರಕ್ಕೆ ಆರು.

ಏನು ಮಾಡಲಿ? ನನ್ನ ಸ್ವಭಾವವೇ ಹಾಗೆ. ಪ್ರೀತಿಯಿಂದ ಬಡಿಸಿದವರಿಗೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಆರನೇ ಸಲದ ನಂತರ ಅತ್ತೆ ನನ್ನನ್ನು ಕೇಳುವುದನ್ನೇ ಬಿಟ್ಟಳು. “ನಿನ್ನ ನಾಲಿಗೆ ಒಳ್ಳೇದು ಕಣೇ. ಆದ್ರೆ ಉಪಯೋಗಕ್ಕೆ ಬರಾದಲ್ಲ,” ಎಂದಳು.

ಈ ಸ್ವಭಾವ ನನ್ನ ಕೆಲಸಕ್ಕೇ ಕುತ್ತು ತರುತ್ತದೆಂದು ಆಗ ಗೊತ್ತಿರಲಿಲ್ಲ.

ನನ್ನ ಕೆಲಸ ಚಿತ್ರದುರ್ಗದ ಒಂದು ಸಣ್ಣ ಕಂಪನಿಯಲ್ಲಿ. ಗೋದಾಮುಗಳಿಗೆ ದಾಸ್ತಾನು ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡುತ್ತಾರೆ. ಎಂಟು ಜನ. ಮೊದಲ ಆರು ತಿಂಗಳು ತಾತ್ಕಾಲಿಕ. ಆಮೇಲೊಂದು ಪ್ರಾಯೋಗಿಕ ಪರೀಕ್ಷೆ. ಅವಕಾಶ ಎರಡೇ ಸಲ. ಗೆದ್ದರೆ ಕಾಯಂ, ಸೋತರೆ ಕೈಮುಗಿದು ಹೊರಡುವುದು. ಇದಕ್ಕೆ ಮುಂಚೆ ಎರಡು ಕಡೆ ಹೀಗೆ ಕೈಮುಗಿದು ಹೊರಟಿದ್ದೆ. ಇದೂ ಹೋದರೆ ಹೊಸದುರ್ಗ ಬಸ್ ಸ್ಟ್ಯಾಂಡ್ ಎದುರಿನ ಚಿಕ್ಕಪ್ಪನ ಜೆರಾಕ್ಸ್ ಅಂಗಡಿಯಲ್ಲಿ ಒಂದು ಸ್ಟೂಲು ನನಗಾಗಿ ಕಾದಿತ್ತು. ಅಪ್ಪ ಫೋನ್ ಮಾಡಿದಾಗಲೆಲ್ಲ ಅದರ ಯೋಗಕ್ಷೇಮ ತಿಳಿಸುತ್ತಿದ್ದರು.

ಪರೀಕ್ಷೆಯ ವಿಷಯ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್. ಹೆದರಬೇಡಿ, ಎರಡೇ ಮಾತಿನಲ್ಲಿ ಹೇಳುತ್ತೇನೆ. ಪ್ರೋಗ್ರಾಮನ್ನು ಒಂದೇ ಉದ್ದನೆಯ ಪಟ್ಟಿಯಾಗಿ ಬರೆಯದೆ, ತಮ್ಮ ತಮ್ಮ ಕೆಲಸ ಗೊತ್ತಿರುವ ಸಣ್ಣ ಸಣ್ಣ ವಸ್ತುಗಳಾಗಿ ಬರೆಯುವುದು. ಅದನ್ನು ಕಲಿಯಲು ನಮ್ಮ ಕಂಪನಿಯಲ್ಲಿ ನಲವತ್ತು ಅಭ್ಯಾಸಗಳ ಒಂದು ಸರಣಿ ಕೊಡುತ್ತಾರೆ. ಅದರ ನಿಯಮ ಒಂದೇ: ಮೊದಲು ಟೆಸ್ಟ್ ಬರೆಯಬೇಕು, ಕೋಡ್ ಆಮೇಲೆ. ಟೆಸ್ಟ್ ಎಂದರೆ ‘ಇದನ್ನು ಕೊಟ್ಟರೆ ಇದೇ ಉತ್ತರ ಬರಬೇಕು’ ಎಂಬ ಕರಾರು. ಕೋಡೇ ಇಲ್ಲದಿರುವುದರಿಂದ ಅದು ಸೋಲುತ್ತದೆ, ಪರದೆಯ ಮೇಲೆ ಕೆಂಪು ಪಟ್ಟಿ ಬರುತ್ತದೆ. ಆಮೇಲೆ ಅದು ಗೆಲ್ಲುವಷ್ಟೇ ಕೋಡ್ ಬರೆಯಬೇಕು, ಹಸಿರು ಪಟ್ಟಿ ಬರುತ್ತದೆ. ನಂತರ ಬರೆದದ್ದನ್ನು ಚೊಕ್ಕ ಮಾಡಿ ಮುಂದಿನ ಟೆಸ್ಟಿಗೆ ಹೋಗಬೇಕು.

ನಾನು ಏನು ಮಾಡುತ್ತಿದ್ದೆ ಗೊತ್ತೇ? ಕೆಂಪು ನೋಡಿದರೆ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಹಾಗಾಗಿ ಕೋಡನ್ನೇ ಮೊದಲು ಬರೆದು, ಅದಕ್ಕೆ ಹೊಂದುವ ಟೆಸ್ಟುಗಳನ್ನು ಆಮೇಲೆ ಹೊಲಿಯುತ್ತಿದ್ದೆ. ನಲವತ್ತು ಅಭ್ಯಾಸಗಳಲ್ಲಿ ಕೆಂಪು ಕಂಡದ್ದು: ಸೊನ್ನೆ. ಇದನ್ನು ಡೈರಿಯಲ್ಲಿ ಹೆಮ್ಮೆಯಿಂದ ಬರೆದಿದ್ದೇನೆ, ಕೆಳಗೆ ಗೆರೆ ಕೂಡ ಎಳೆದಿದ್ದೇನೆ.

ಮೇ ಮೂವತ್ತಕ್ಕೆ ಪರೀಕ್ಷೆಯಾಯಿತು. ಹದಿನಾಲ್ಕು ಟೆಸ್ಟ್, ಹದಿನಾಲ್ಕೂ ಹಸಿರು. ನಮ್ಮ ಮೇಲಿನವರು ಬಂದು ಕನ್ನಡಕ ಸರಿಮಾಡಿಕೊಂಡು ಕುಳಿತರು. ನನ್ನ ಕೋಡಿನಲ್ಲಿ ಕೂಡುವ ಚಿಹ್ನೆ ಇದ್ದ ಕಡೆ ಕಳೆಯುವ ಚಿಹ್ನೆ ಹಾಕಿ, ಟೆಸ್ಟ್ ಓಡಿಸಿದರು. ಹಸಿರು! ಒಂದು ಇಡೀ ಸಾಲು ಅಳಿಸಿದರು. ಹಸಿರು! ಹೀಗೆ ಐದು ಕಡೆ ಕೆಡಿಸಿದರು. ಐದು ಸಲವೂ ಹಸಿರೋ ಹಸಿರು. ಏನೋ ಒಂದು ಉತ್ತರ ಬಂದರೆ ಸಾಕು, ಯಾವುದಾದರೂ ಸರಿ ಎಂದು ಒಪ್ಪಿಕೊಳ್ಳುವಂಥ ಟೆಸ್ಟುಗಳವು.

“ನಿಮ್ಮ ಟೆಸ್ಟುಗಳು ಬಹಳ ಒಳ್ಳೆಯವಮ್ಮ,” ಎಂದರು ಅವರು. “ಯಾರ ಮನಸ್ಸನ್ನೂ ನೋಯಿಸಲ್ಲ.”

ಎರಡನೇ ಸಲ ಜುಲೈ ನಾಲ್ಕಕ್ಕೆ ಎಂದು ಬರೆದುಕೊಂಡು ಮನೆಗೆ ಬಂದೆ. ಅತ್ತೆಯ ಮುಂದೆ ಎಲ್ಲ ಹೇಳಿಕೊಂಡೆ. ಅವಳು ಸಮಾಧಾನ ಮಾಡುತ್ತಾಳೆ ಎಂದು ಯಾವ ಧೈರ್ಯದ ಮೇಲೆ ಅಂದುಕೊಂಡೆನೋ! ಕೇಳುತ್ತಾ ಕೇಳುತ್ತಾ ಅವಳ ಕಣ್ಣು ಮಿನುಗತೊಡಗಿತು.

“ಅಂದ್ರೆ ನೀನು ಹುರಿದ ಬೀಜನೇ ಹಾಕಿಲ್ಲ!”

“ಅದಕ್ಕೂ ಇದಕ್ಕೂ ಏನತ್ತೆ?”

“ಅದೇ ಇದು ಕಣೇ. ಕೆಂಪು ಬರೋ ಕಡೆ ಕೆಂಪು ಬರ್ತೈತೋ ಇಲ್ವೋ ನೋಡ್ದೆ ಹಸ್ರನ್ನ ಹೆಂಗೆ ನಂಬ್ತೀಯ? ನಿಮ್ಮ ಆಫೀಸ್ನೋರು ಭಾಳ ತಿಳಿದೋರು. ಒಂದಿನ ಊಟಕ್ಕೆ ಕರಿ ಅವ್ರನ್ನ.”

“ಯಾವತ್ತು ಕರೀಲಿ?”

“ಒಂದನೇ ತಾರೀಕು.”

ಮರುದಿನದಿಂದ ನಲವತ್ತು ಅಭ್ಯಾಸಗಳನ್ನೂ ಮೊದಲಿನಿಂದ ಶುರು ಮಾಡಿದೆ. ಅತ್ತೆಯೇ ಮೇಲ್ವಿಚಾರಕಿ. ಬೆಳಗ್ಗೆ ಐದೂವರೆಗೆ ಒಂದು ಅಭ್ಯಾಸ, ಸಂಜೆ ಬಂದ ಮೇಲೆ ಒಂದು. ಟೆಸ್ಟ್ ಬರೆದು ಓಡಿಸಿ, “ಅತ್ತೆ, ಕೆಂಪು!” ಎಂದು ಕೂಗಬೇಕು. ಅವಳು ಸೆರಗಿಗೆ ಕೈಯೊರೆಸಿಕೊಳ್ಳುತ್ತಾ ಬಂದು, ಕಣ್ಣಾರೆ ನೋಡಿ, “ಹ್ಞೂಂ, ಬಂದೈತೆ. ಮುಂದಕ್ಕೆ ಹೋಗು,” ಎನ್ನಬೇಕು. ಆಮೇಲೇ ಕೋಡ್. ಒಂದು ವಾರವಾದ ಮೇಲೆ ಪಕ್ಕದ ಮನೆಯವರು ಮಾವನನ್ನು ಮೆಲ್ಲಗೆ ಕೇಳಿದರಂತೆ, “ಹುಡುಗಿ ಕಣ್ಣಿಗೇನಾಗೈತ್ರಿ? ದಿನಾ ಕೆಂಪು ಕೆಂಪು ಅಂತ ಕೂಗ್ತೈತಲ್ಲ?” ಮಾವ, “ವಾಸಿ ಆಗ್ತೈತೆ,” ಎಂದರಂತೆ.

ಮೊದಲ ಅಭ್ಯಾಸ, ಒಂದು ವರ್ಷ ಅಧಿಕ ವರ್ಷವೋ ಅಲ್ಲವೋ ಹೇಳುವುದು. ನಾನು 2000, 2016, 2024 ಎಂದು ಹೌದಾದ ವರ್ಷಗಳನ್ನೇ ಟೆಸ್ಟಿಗೆ ಕೊಟ್ಟೆ. “ಇಲ್ಲ ಅನ್ನಬೇಕಾದ್ದು ಎಲ್ಲೈತೆ?” ಎಂದಳು ಅತ್ತೆ. ನೋಡಲು ಅಧಿಕದ ಹಾಗೇ ಇದ್ದು ಅಧಿಕವಲ್ಲದ ವರ್ಷ ಯಾವುದಿದೆ ಎಂದು ಹುಡುಕಿದರೆ 1900 ಸಿಕ್ಕಿತು. ನಾಲ್ಕರಿಂದ ಭಾಗವಾಗುತ್ತದೆ, ಆದರೂ ಅಧಿಕವಲ್ಲ. ಅತ್ತೆಗೆ ಆ ವರ್ಷದ ಮೇಲೆ ಪ್ರೀತಿಯೇ ಹುಟ್ಟಿಬಿಟ್ಟಿತು. “ಎಷ್ಟು ಚೆನ್ನಾಗಿ ಹುರಿದೈತೆ ನೋಡು!”

ಆಬ್ಜೆಕ್ಟ್ ಎಂದರೇನು ಎಂಬುದನ್ನೂ ನನಗೆ ತಿಳಿಸಿದ್ದು ಅವಳೇ. ಆರು ತಿಂಗಳು ಓದಿದ ವ್ಯಾಖ್ಯಾನ ನನ್ನ ತಲೆಗೆ ಹತ್ತಿರಲಿಲ್ಲ. ಬೀಜದ ಗೋದಾಮಿನ ಒಂದು ಅಭ್ಯಾಸಕ್ಕೆ ಬರೆದ ಕೋಡನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದು ಎಂದಳು. ಓದಿದೆ: “ಗೋದಾಮು ಚೀಲದೊಳಗೆ ಕೈ ಹಾಕಿ, ಬೀಜ ತೆಗೆದು, ಮೊಳೆತದ್ದನ್ನು ಎಣಿಸಿ, ವಾಪಸ್ ಇಡುತ್ತದೆ.”

“ಯಾಕೆ? ಗೋದಾಮಿಗೆ ಯಾಕೆ ಬೇಕು ಆ ಕೆಲ್ಸ? ಎಷ್ಟು ಮೊಳ್ತೈತೆ ಅಂತ ಚೀಲನ್ನೇ ಕೇಳಕ್ಕೆ ಹೇಳು. ಅದರ ಲೆಕ್ಕ ಅದಕ್ಕೆ ಗೊತ್ತಿರ್ಬೇಕು. ನನ್ನ ಒಗ್ಗರಣೆ ಡಬ್ಬಿಗೆ ನಿನ್ನನ್ನ ಕೈ ಹಾಕಕ್ಕೆ ಬಿಡ್ತೀನಾ? ಸಾಸ್ವೆ ಐತಾ ಅಂತ ನನ್ನ ಕೇಳ್ತೀಯ, ನಾನು ತೆಗ್ದು ಕೊಡ್ತೀನಿ. ಅಷ್ಟೇ.”

ಕೋಡನ್ನು ಹಾಗೇ ತಿದ್ದಿದೆ. ಐವತ್ತೆರಡು ಸಾಲು ಇದ್ದದ್ದು ಮೂವತ್ತೊಂದಕ್ಕೆ ಇಳಿಯಿತು!

ಇದರಿಂದ ಹುರುಪಾಗಿ ನಾನು ‘ಬೀಜ’ ಎಂಬ ಒಂದು ಕ್ಲಾಸ್, ಅಂದರೆ ಅಂಥ ವಸ್ತುಗಳ ಅಚ್ಚು, ಮಾಡಿ, ಅದರ ಗುಣಗಳನ್ನೆಲ್ಲ ಪಡೆಯುವ ಮಗುವಾಗಿ ‘ಹುರಿದ ಬೀಜ’ ಎಂಬ ಇನ್ನೊಂದನ್ನು ಮಾಡಿದೆ. ಅತ್ತೆಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೆ. ಅವಳ ಮುಖ ಗಂಟಾಯಿತು. “ಬೀಜದ ಮಗ ಅಂದ್ಮೇಲೆ ಬೀಜ ಮಾಡೋದನ್ನೆಲ್ಲ ಮಾಡ್ಬೇಕು. ಮೊಳಿ ಅಂದ್ರೆ ಮೊಳೀತೈತಾ? ಇಲ್ಲ. ಬಣ್ಣ ಒಂದೇ ಇದ್ದರೆ ಮಗ ಆಗಿಬಿಡ್ತಾನಾ? ಅಳ್ಸು.” ಮರುದಿನ ಆಫೀಸಿನಲ್ಲಿ ಇದನ್ನೇ ನನ್ನ ಮಾತಿನ ಹಾಗೆ ಹೇಳಿದೆ. ಮೇಲಿನವರು ಎರಡು ಕ್ಷಣ ನನ್ನನ್ನೇ ನೋಡಿ, “ಇದನ್ನು ಎಲ್ಲಿ ಓದಿದಿರಿ?” ಎಂದರು. ಅಡುಗೆಮನೆಯಲ್ಲಿ ಎಂದು ಹೇಳಲಾಗುತ್ತದೆಯೇ?

ಆಮೇಲೆ ಅವಳೇ ಕೆಡಿಸಲು ಶುರು ಮಾಡಿದಳು. ಕೋಡ್ ಓದಲು ಬಾರದಿದ್ದರೇನು, ಕೂಡುವುದು, ಕಳೆಯುವುದು, ಅಂಕಿಗಳು ಗೊತ್ತಿವೆಯಲ್ಲ! ನನ್ನನ್ನು ಹೊರಗೆ ಕಳಿಸಿ, ಒಂದೇ ಬೆರಳಿನಿಂದ ಎಲ್ಲೋ ಒಂದು ಕಡೆ ಒತ್ತಿ ಬದಲಾಯಿಸುತ್ತಿದ್ದಳು. ದಿನಕ್ಕೆ ಮೂರು. ನನ್ನ ಟೆಸ್ಟುಗಳು ಅದನ್ನು ಹಿಡಿಯಬೇಕು. ಮೊದಲ ವಾರ ಇಪ್ಪತ್ತೊಂದರಲ್ಲಿ ಹಿಡಿದದ್ದು ಐದು. ಎರಡನೇ ವಾರ ಹನ್ನೊಂದು. ಮೂರನೇ ವಾರ ಹದಿನೇಳು. ನಾಲ್ಕನೇ ವಾರ ಇಪ್ಪತ್ತು. ತಪ್ಪಿಸಿಕೊಂಡ ಆ ಒಂದು ಯಾವುದೆಂದರೆ, ಅವಳು ಒಂದು ಖಾಲಿ ಸಾಲನ್ನು ಅಳಿಸಿದ್ದಳು.

“ಕೆಂಪು ಬರ್ಲಿಲ್ಲ!” ಎಂದು ಚಪ್ಪಾಳೆ ತಟ್ಟಿದಳು.

“ಅದು ಖಾಲಿ ಸಾಲು ಅತ್ತೆ. ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.”

“ಹಂಗಾದ್ರೆ ಯಾಕೆ ಇಟ್ಟಿದ್ದೀಯ?”

ಜೂನ್ ಇಪ್ಪತ್ತೊಂಬತ್ತು ರಜೆಯ ದಿನ. ಮಾವ ಹಿರಿಯೂರಿಗೆ ಹೋಗಿದ್ದರು. ನಾವಿಬ್ಬರೂ ಪಡಸಾಲೆಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದೆವು. ಈ ಹುರಿದ ಬೀಜದ ಉಪಾಯ ಮೊದಲು ಹೊಳೆದದ್ದು ಯಾವಾಗ ಎಂದು ಕೇಳಿದೆ. ಡೈರಿಗೆ ಒಂದು ತಾರೀಕು ಬೇಕಿತ್ತು, ಅಷ್ಟೇ. ಅತ್ತೆ ಕೈ ನಿಲ್ಲಿಸದೆ ಹೇಳಿದಳು.

“ಕೆಲ್ಸಕ್ಕೆ ಸೇರಿದ ಮೊದಲ್ನೇ ವರ್ಷ. ನಮ್ಮಪ್ಪ ಯಲ್ಲದಕೆರೆ ಹೊಲಕ್ಕೆ ಅಂತ ಶೇಂಗಾ ಬೀಜ ತಂದಿದ್ರು. ನೀನೇ ಪರೀಕ್ಷೆ ಮಾಡ್ಕೊಡು ಮಗಳೇ ಅಂದ್ರು. ಏನು ಸಂಭ್ರಮ ಅವ್ರಿಗೆ! ಸುರುಳಿ ಸುತ್ತಿಟ್ಟೆ. ಎಣಿಸೋ ದಿವ್ಸ ಅವಸರದಾಗೆ ಪಕ್ಕದ್ದೊಂದು ಸುರುಳಿ ಬಿಚ್ಚಿ ಎಣಿಸ್ಬಿಟ್ಟೆ. ನೂರಕ್ಕೆ ತೊಂಬತ್ನಾಲ್ಕು. ಚೀಟಿ ಬರ್ದು ಕೊಟ್ಟೆ.”

“ಆಮೇಲೆ?”

“ಮೂರು ಎಕರೆ ಬಿತ್ತಿದ್ರು. ಹನ್ನೆರಡು ದಿನ ಆದ್ರೂ ಹೊಲ್ದಾಗೆ ಏನೂ ಇಲ್ಲ. ಕೋಣೆಗೆ ಓಡಿಹೋಗಿ ನೋಡ್ತೀನಿ, ಅಪ್ಪನ ಸುರುಳಿ ಬಿಚ್ದೇ ಹಂಗೇ ಕುಂತೈತೆ. ಬಿಚ್ಚಿದ್ರೆ ಮೊಳ್ತಿದ್ದು ಏಳು.”

ಆ ಸುರುಳಿಯ ತುದಿಯಲ್ಲಿ ಹುರಿದ ಬೀಜ ಇದ್ದಿದ್ದರೆ, ಎಣಿಸುವಾಗ ಅವು ಕಾಣಲಿಲ್ಲವಲ್ಲ, ಇದು ಬೇರೆ ಸುರುಳಿ ಎಂದು ಆಗಲೇ ತಿಳಿಯುತ್ತಿತ್ತು. ನನಗೆ ಅರ್ಥವಾಯಿತು.

“ತಾತ ಬಯ್ದರಾ?”

“ಎಲ್ಲಿ ಬಯ್ದ್ರು! ಕಟ್ಟೆ ಮ್ಯಾಲೆ ಕುಂತು ಊರಿಗೆಲ್ಲ ಹೇಳಿದ್ರು, ಬಿತ್ತುವಾಗ ನನ್ನ ಕೂರಿಗೆನೇ ಆಳಕ್ಕೆ ಹೋಯ್ತು, ನಾನೇ ಕೆಡಿಸ್ಕೊಂಡೆ ಅಂತ. ಆ ಹೊಲಕ್ಕೆ ಹುರುಳಿ ಹಾಕಿದ್ರು. ನಾನು ಚೀಟಿ ಮಾತು ಎತ್ತಿದ್ರೆ, ನಿನ್ನ ಚೀಟಿ ಸರಿಯಾಗೇ ಇತ್ತಮ್ಮ ಅಂತಿದ್ರು. ಸಾಯೋ ತನಕ ಅದೇ ಮಾತು. ಒಂದ್ಸಲ ಬಯ್ದಿದ್ರೆ ಅವತ್ತಿಗೇ ಮುಗ್ದೋಗ್ತಿತ್ತು ಕಣೇ.”

ಆಮೇಲೆ ಅವಳು ನಮ್ಮಜ್ಜಿಗೆ ಹೇಳಿದಳಂತೆ, ನಮ್ಮಪ್ಪನಿಗೆ ಹೇಳಿದಳಂತೆ, ಜೊತೆಯಲ್ಲಿ ಕೆಲಸ ಮಾಡುವ ಇಬ್ಬರಿಗೆ ಹೇಳಿದಳಂತೆ. ನಾಲ್ಕೂ ಜನ ಹೇಳಿದ್ದು ಒಂದೇ: ಪಾಪ, ನಿಂದೇನು ತಪ್ಪು.

“ಮಾವನಿಗೆ?”

“ಅವ್ರಿಗೆ ಹೇಳಿಲ್ಲ.”

“ಯಾಕೆ?”

“ಅವ್ರು ನಿಜ ಹೇಳಿಬಿಡ್ತಾರಲ್ಲ!”

ನನಗೆ ನಗು ಬಂತು. ಅವಳು ನಗುತ್ತಿರಲಿಲ್ಲ. ಗಾಬರಿಯಾಗಿ, “ಅಯ್ಯೋ ಬಿಡತ್ತೆ, ಆಗಿನ್ನೂ ಚಿಕ್ಕವಳು ನೀನು. ನಿಂದೇನು ತಪ್ಪು?” ಎಂದೆ.

ಅತ್ತೆ ಮಡಿಲಿನ ಸಿಪ್ಪೆ ಕೊಡವಿಕೊಂಡು ಎದ್ದಳು. “ಹ್ಞೂಂ. ಸಾರು ತುಂಬಾ ಚೆನ್ನಾಗೈತೆ,” ಎಂದು ಒಳಗೆ ಹೋದಳು.

ಅಂದೇ ತೀರ್ಮಾನಿಸಿದೆ, ಇನ್ನು ಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಎಂದು. ಎರಡು ದಿನ ಬಿಟ್ಟರೆ ಜುಲೈ ಒಂದು. ಸಾರು ಬಂತು. ಒಂದು ತುತ್ತು ಬಾಯಿಗಿಟ್ಟು, ಗಟ್ಟಿ ಮನಸ್ಸು ಮಾಡಿ, “ಅತ್ತೆ, ಉಪ್ಪಿಲ್ಲ!” ಎಂದೆ.

ಮಾವ ತಲೆಯೆತ್ತಿದರು. ಅವರು ತಲೆಯೆತ್ತಿದ್ದೇ ಅಪರೂಪ. “ಐತಲ್ಲ?” ಎಂದರು.

ಇತ್ತು. ಹದವಾಗಿಯೇ ಇತ್ತು. ಅತ್ತೆ ಆ ತಿಂಗಳು ಬೇಕೆಂದೇ ಉಪ್ಪು ಹಾಕಿದ್ದಳು.

“ಉಂಡು ಹೇಳೇ, ತಾಯಿ,” ಎಂದಳು. “ಕ್ಯಾಲೆಂಡರ್ ನೋಡಿ ಹೇಳ್ಬೇಡ.”

ಜುಲೈ ನಾಲ್ಕು. ಚಿತ್ರದುರ್ಗ. ಮೂರು ಗಂಟೆಯ ಪರೀಕ್ಷೆ. ಗೋದಾಮಿನ ಚೀಲಗಳ ಲೆಕ್ಕ ಇಡುವ ಪ್ರೋಗ್ರಾಮ್ ಬರೆಯಬೇಕು. ಈ ಸಲ ಮೊದಲು ಟೆಸ್ಟ್, ಕೆಂಪು, ಆಮೇಲೆ ಕೋಡ್, ಹಸಿರು. ಹನ್ನೊಂದು ಸಲ ಕೆಂಪು ಕಂಡೆ. ಹನ್ನೊಂದು ಸಲವೂ ಒಳಗೇ, “ಹ್ಞೂಂ, ಬಂದೈತೆ. ಮುಂದಕ್ಕೆ ಹೋಗು,” ಎಂದುಕೊಂಡೆ. ಹನ್ನೆರಡನೆಯದಕ್ಕೆ ಸಮಯ ಸಾಲಲಿಲ್ಲ. ಮೇಲಿನವರು ಬಂದು ಕುಳಿತು, ಏನನ್ನೂ ಮುಟ್ಟದೆ ಕೇಳಿದರು:

“ಎಲ್ಲ ಸರಿಯಾಗಿದೆಯಾ?”

ಬಾಯಿಯ ತುದಿಗೆ ‘ಹೌದು ಸರ್’ ಬಂದಿತ್ತು. ಇಪ್ಪತ್ನಾಲ್ಕು ವರ್ಷದಿಂದ ಅಲ್ಲೇ ಕುಳಿತಿರುವ ಮಾತದು. ಜೆರಾಕ್ಸ್ ಅಂಗಡಿಯ ಸ್ಟೂಲು ಕಣ್ಣ ಮುಂದೆ ಬಂತು. ಆದರೂ ಹೇಳಿದೆ: “ಇಲ್ಲ ಸರ್. ಚೀಲ ಖಾಲಿಯಿದ್ದರೆ ಏನಾಗಬೇಕು ಅನ್ನೋದಕ್ಕೆ ಟೆಸ್ಟ್ ಬರೆದಿಲ್ಲ. ಅಲ್ಲಿ ಕೆಡಿಸಿದರೆ ನನಗೆ ಗೊತ್ತಾಗಲ್ಲ.”

ಅವರು ಐದು ಕಡೆ ಕೆಡಿಸಿದರು. ನಾಲ್ಕು ಕೆಂಪು. ಐದನೆಯದು ಖಾಲಿ ಚೀಲದ್ದು, ಹಸಿರಾಗಿಯೇ ಉಳಿಯಿತು. ಅವರು ಎದ್ದು ನಿಂತು, “ಎಲ್ಲಿ ಹಿಡಿಯಲ್ಲ ಅಂತ ಗೊತ್ತಿದ್ದರೆ ಸಾಕು. ಸೋಮವಾರದಿಂದ ಕಾಯಂ,” ಎಂದರು.

ಹಿರಿಯೂರಿನ ಬಸ್ಸು ಹತ್ತಿ ಕುಳಿತು ಅತ್ತೆಗೆ ಫೋನ್ ಮಾಡಿದೆ. ಪಾಸಾ ಎಂದು ಕೇಳಿದಳೆಂದುಕೊಂಡಿರಾ? “ಕೆಂಪು ಬಂತಾ?” ಎಂದಳು.

“ನಾಲ್ಕು ಕೆಂಪು ಬಂತು ಅತ್ತೆ! ಒಂದು ಬರಲಿಲ್ಲ.” ಹೇಳುವಾಗ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ನನ್ನ ಮೊಣಕೈ ಸವರಿ, ಚೀಲದಿಂದ ಎರಡು ಸೀಬೆಹಣ್ಣು ತೆಗೆದುಕೊಟ್ಟಳು. “ಅಳ್ಬೇಡ ಬಿಡಮ್ಮ. ನಾಲ್ಕು ವಿಷ್ಯ ತಾನೆ? ಅಕ್ಟೋಬರ್‌ನಾಗೆ ಕಟ್ಟಿ ಪಾಸ್ ಮಾಡ್ಕಂಡ್ರಾಯ್ತು.”

ಮನೆಯಲ್ಲಿ ಶ್ಯಾವಿಗೆ ಪಾಯಸ ಮಾಡಿದ್ದಳು. ಮಾವ ಆಗಲೇ ಲೋಟ ಹಿಡಿದು ಕುಳಿತಿದ್ದರು. ಅತ್ತೆ ನನ್ನ ಮುಂದೆ ಲೋಟ ಇಟ್ಟು, ಎಷ್ಟೋ ದಿನದ ಮೇಲೆ ಕೇಳಿದಳು. “ಹೆಂಗೈತೆ?”

ಈ ಸಲ ಕುಡಿದು ನೋಡಿದೆ. “ಸಿಹಿ ಸರಿಯಾಗೈತೆ. ಏಲಕ್ಕಿ ಜಾಸ್ತಿ ಆಯ್ತು.”

ಮಾವ ಹೌದೆಂದು ತಲೆಯಾಡಿಸಿದರು. ಅತ್ತೆ ಹೋಗಲೆಂದು ತಿರುಗಿದಳು.

“ಅತ್ತೆ, ಇನ್ನೊಂದು.”

“ಏನೇ?”

“ಯಲ್ಲದಕೆರೆ ಹೊಲದ್ದು. ತಾತ ಆಳಕ್ಕೆ ಬಿತ್ತಿರಲಿಲ್ಲ. ತಪ್ಪು ನಿಂದೇ.”

ಮಾವನ ಲೋಟ ಬಾಯಿಯ ಹತ್ತಿರವೇ ನಿಂತಿತು. ಅತ್ತೆ ನನ್ನನ್ನು ನೋಡಿದಳು. ಸುರುಳಿ ಬಿಚ್ಚಿ ಎಣಿಸುವಾಗ ನೋಡುತ್ತಾಳಲ್ಲ, ಹಾಗೆ. ಎಷ್ಟು ಹೊತ್ತು ಎಂದು ನಾನು ಲೆಕ್ಕ ಇಟ್ಟಿಲ್ಲ. ಆಮೇಲೆ ಹಲಗೆಯ ಮೇಲಿನಿಂದ ತಗಡಿನ ಡಬ್ಬಿ ಇಳಿಸಿದಳು. ಎಣಿಸಿ ಹತ್ತು ಕಾಳು ತೆಗೆದಳು. ಮಾವನ ಕೈಗೆ ಮೂರು, ನನ್ನ ಕೈಗೆ ಮೂರು, ಅವಳ ಕೈಯಲ್ಲಿ ನಾಲ್ಕು.

“ಆಮೇಲೆ ಎಲ್ಲ ಹೇಳ್ತೀನ್ರಿ ನಿಮಗೆ,” ಎಂದಳು ಮಾವನಿಗೆ.

“ಹೇಳು,” ಎಂದರು ಮಾವ.

“ಇದು ತಿನ್ನಾದಲ್ಲ ಅಂದಿದ್ದೆಯಲ್ಲ?” ಎಂದೆ ನಾನು.

“ಈಗ ತಿನ್ನು.”

ಮೂವರೂ ಬಾಯಿಗೆ ಹಾಕಿಕೊಂಡೆವು. ಅವಳು ಅಗಿಯುತ್ತಾ ಗೋಡೆಯ ಕಡೆ ತಿರುಗಿ, ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು. “ಹೆಂಗೈತೆ?”

ಮಾವ ಮತ್ತು ನಾನು ಒಟ್ಟಿಗೇ ಹೇಳಿದೆವು. “ಸೀದೈತೆ.”

“ಹ್ಞೂಂ,” ಎಂದಳು ಅತ್ತೆ. “ಸೀದೇ ಐತೆ.”